‘ಹೇಗೂ ಒಡೆದಿದ್ದೇವಲ್ಲ’ ಎನ್ನುವ ಮೊದಲು

ಬಚ್ಚಲಮನೆಯ ನಾಲ್ಕು ಟೈಲ್ ಸಡಿಲವಾಗಿವೆ ಎಂದು ಮೇಸ್ತ್ರಿಯನ್ನು ಕರೆಸುತ್ತೇವೆ. ಟೈಲ್ ಎಬ್ಬಿಸಿದರೆ ಒಳಗಿನ ಜಿ.ಐ. ಪೈಪು ತುಕ್ಕು ತಿಂದು ಜಿನುಗುತ್ತಿರುತ್ತದೆ. ಪೈಪು ಬದಲಿಸಲು ಗೋಡೆ ಒಡೆಯಬೇಕು. ಗೋಡೆ ಒಡೆದ ಮೇಲೆ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಹೇಗೂ ಒಡೆದಿದ್ದೇವಲ್ಲ, ಪಕ್ಕದ ಅಡುಗೆಮನೆಯನ್ನೂ ಮುಗಿಸಿಬಿಡೋಣ.’ ಅಡುಗೆಮನೆ ಹೊಸದಾದಾಗ ಹಾಲ್ ಮಂಕಾಗಿ ಕಾಣುತ್ತದೆ. ಹಾಲ್‌ನ ನೆಲ ಎತ್ತರವಾದರೆ ಬಾಗಿಲುಗಳ ತಳ ಕೊಯ್ಯಬೇಕು. ಮೂವತ್ತು ಸಾವಿರಕ್ಕೆ ಮುಗಿಯಬೇಕಿದ್ದ ಕೆಲಸ ಮೂರು ಲಕ್ಷ ದಾಟಿ, ತಾರಸಿಯ ಸೋರಿಕೆಯ ಸರದಿ ಬರುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಮುಂದಿನ ಆಷಾಢದಲ್ಲಿ ಹೊಸ ಬಣ್ಣದ ಮೇಲೆ ಹಳೆಯ ತೇವ ಮತ್ತೆ ಮೂಡುತ್ತದೆ.

1980, 90ರ ದಶಕದಲ್ಲಿ ಕಟ್ಟಿದ ಮನೆಗಳು ಈಗ ಮೂವತ್ತು, ನಲವತ್ತು ವರ್ಷ ದಾಟಿವೆ. ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು, ಎಲ್ಲಿಯೇ ಇರಲಿ, 30×40 ನಿವೇಶನದ ಹತ್ತು ಚದರದ ಆ ಮನೆಗಳಿಗೆ ಬೇಕಾಗಿರುವ ಚಿಕಿತ್ಸೆ ಹೆಚ್ಚು ಕಡಿಮೆ ಒಂದೇ. ನೀರು ಬರುವ ದಾರಿ, ನೀರು ಹೋಗುವ ದಾರಿ, ವೈರು, ಚಾವಣಿ. ಈ ನಾಲ್ಕೂ ಅತಿಥಿಗಳ ಕಣ್ಣಿಗೆ ಬೀಳುವುದಿಲ್ಲ. ಗೃಹಪ್ರವೇಶದಂಥ ಪುಟ್ಟ ಸಮಾರಂಭದಲ್ಲಿ ಯಾರೂ ಇವನ್ನು ಹೊಗಳುವುದೂ ಇಲ್ಲ. ಆದ್ದರಿಂದಲೇ ಹಣ ಮೊದಲು ಟೈಲ್, ಫಾಲ್ಸ್ ಸೀಲಿಂಗ್, ದೀಪಗಳ ಕಡೆ ಹರಿದುಬಿಡುತ್ತದೆ. ದುರಸ್ತಿಯ ಬಜೆಟ್‌ನಲ್ಲಿ ಮೊದಲ ರೂಪಾಯಿ ಕಾಣದ ಕೆಲಸಕ್ಕೆ ಹೋಗಬೇಕು, ಮಿಕ್ಕದ್ದು ಅಂದಕ್ಕೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಮಳೆಗಾಲದಲ್ಲಿ ನೋಡಿ, ಬೇಸಿಗೆಯಲ್ಲಿ ಮಾಡಿಸಿ

ಬಜೆಟ್ ಶುರುವಾಗುವುದು ಅಂಗಡಿಯಲ್ಲಲ್ಲ, ಮಳೆ ಸುರಿಯುವ ದಿನ ಮನೆಯೊಳಗೆ ನಡೆಯುವ ಒಂದು ಸುತ್ತಿನಲ್ಲಿ. ಕೈಯಲ್ಲೊಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ತೇವ ಎಲ್ಲಿದೆ ಎಂಬುದೇ ಅದರ ಮೂಲವನ್ನು ಬಹುಮಟ್ಟಿಗೆ ಹೇಳುತ್ತದೆ. ಚಾವಣಿಯಲ್ಲಿ ಅಥವಾ ಗೋಡೆಯ ಮೇಲ್ತುದಿಯಲ್ಲಿದ್ದರೆ ತಾರಸಿ. ಗೋಡೆಯ ನಡುವೆ, ಅದರಲ್ಲೂ ಹಿಂಬದಿಯಲ್ಲಿ ಬಚ್ಚಲೋ ಅಡುಗೆಮನೆಯೋ ಇದ್ದರೆ ಪೈಪು. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಸುಣ್ಣ ಪುಡಿಪುಡಿಯಾಗಿ ಉದುರುತ್ತಿದ್ದರೆ ಅಡಿಪಾಯದಿಂದ ಏರುತ್ತಿರುವ ತೇವ. ಮೂರಕ್ಕೂ ಮದ್ದು ಬೇರೆ, ಖರ್ಚೂ ಬೇರೆ. ಎಲ್ಲದಕ್ಕೂ ‘ಒಂದು ಕೋಟ್ ವಾಟರ್‌ಪ್ರೂಫ್ ಹೊಡೆದರೆ ಆಯ್ತು’ ಎನ್ನುವವರ ಮಾತಿಗೆ ಹಣ ಕೊಡಬೇಡಿ.

ಪೈಪಿನ ಸೋರಿಕೆಯನ್ನು ಕಾಸು ಖರ್ಚಿಲ್ಲದೆ ಪತ್ತೆ ಮಾಡಬಹುದು. ರಾತ್ರಿ ಎಲ್ಲರೂ ಮಲಗುವ ಮುನ್ನ ನಲ್ಲಿಗಳನ್ನೆಲ್ಲ ಬಿಗಿಯಾಗಿ ನಿಲ್ಲಿಸಿ, ತಾರಸಿಯ ಟ್ಯಾಂಕಿಗೆ ನೀರು ಏರುವುದನ್ನೂ ನಿಲ್ಲಿಸಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ನೀರು ಎಲ್ಲೋ ಹೋಗುತ್ತಿದೆ. ಫ್ಲಶ್ ಟ್ಯಾಂಕಿನ ವಾಲ್ವ್ ಮೊದಲು ನೋಡಿ, ಅನಂತರ ಗೋಡೆಯನ್ನು ಅನುಮಾನಿಸಿ.

ಚಾವಣಿಯ ಗಾರೆ ಉದುರಿ ಒಳಗಿನ ಕಂಬಿ ಕಂದುಬಣ್ಣದಲ್ಲಿ ಇಣುಕುತ್ತಿದ್ದರೆ, ತೊಲೆಯಲ್ಲಿ ಬಿರುಕಿದ್ದರೆ, ಅಲ್ಲಿಗೆ ಮೇಸ್ತ್ರಿಯ ಅಂದಾಜು ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು. ಎರಡು ಕೋಣೆ ಸೇರಿಸಿ ದೊಡ್ಡ ಹಾಲ್ ಮಾಡುವ ಆಸೆ ಇರುವವರಿಗೂ ಇದೇ ಮಾತು. ಆ ಕಾಲದ ಬಹಳಷ್ಟು ಮನೆಗಳು ಕಂಬಗಳ ಮೇಲೆ ನಿಂತಿಲ್ಲ, ಒಂಬತ್ತು ಇಂಚಿನ ಗೋಡೆಗಳೇ ಚಾವಣಿಯನ್ನು ಹೊತ್ತಿವೆ. ನಾಲ್ಕೂವರೆ ಇಂಚಿನ ಅಡ್ಡಗೋಡೆ ಬೇರೆ, ಭಾರ ಹೊತ್ತ ಗೋಡೆ ಬೇರೆ. ಎಂಜಿನಿಯರ್‌ಗೆ ಕೊಡುವ ಶುಲ್ಕ ಉಳಿಸಿದೆನೆಂದು ಹಿಗ್ಗುವ ಜಾಗ ಇದಲ್ಲ. ಮೇಲೊಂದು ಕೋಣೆ ಎಬ್ಬಿಸುವ ಯೋಚನೆಯಿದ್ದರೆ ಅಡಿಪಾಯ ತಡೆದೀತೇ ಎಂಬ ಪ್ರಶ್ನೆಯ ಜೊತೆಗೆ ಪಾಲಿಕೆ ಅಥವಾ ಪುರಸಭೆಯ ಅನುಮತಿಯೂ ಬೇಕು. ಬಣ್ಣ, ಟೈಲ್, ಪೈಪು ಬದಲಾವಣೆಯಂಥ ಒಳಗಿನ ಕೆಲಸದ ಹಾಗೆ ಅದು ಸುಮ್ಮನೆ ಆಗುವುದಲ್ಲ.

ವಿದ್ಯುತ್ತಿನ ವಿಷಯದಲ್ಲಿ ತಿಂಗಳ ಬಿಲ್ಲೇ ಮೊದಲ ದಾಖಲೆ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಅದರಲ್ಲೇ ಮುದ್ರಿತವಾಗಿರುತ್ತದೆ. ನಾಲ್ಕು ಟ್ಯೂಬ್‌ಲೈಟ್, ಎರಡು ಫ್ಯಾನ್, ಒಂದು ಮಿಕ್ಸಿಗೆಂದು ಪಡೆದ ಒಂದೆರಡು ಕಿಲೋವ್ಯಾಟ್ ಸಂಪರ್ಕದ ಮೇಲೆ ಇಂದು ಗೀಸರ್ ಒಂದೇ 2 ಅಥವಾ 3 ಕಿಲೋವ್ಯಾಟ್ ಎಳೆಯುತ್ತದೆ. ಇಂಡಕ್ಷನ್ ಒಲೆ ಇನ್ನೊಂದು 2. ಹೊಸ ವೈರಿಂಗ್ ಮಾಡಿಸುವಾಗ ಲೋಡ್ ಹೆಚ್ಚಿಸಿಕೊಳ್ಳಲು ವಿದ್ಯುತ್ ಕಂಪನಿಗೆ ಕಟ್ಟುವ ಹಣವನ್ನೂ ಪಟ್ಟಿಗೆ ಸೇರಿಸಿ. ದೀಪಗಳಿಗೆ 1.5, ಪವರ್ ಪ್ಲಗ್‌ಗೆ 2.5, ಎ.ಸಿ. ಮತ್ತು ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಎಂದು ಕರಾರಿನಲ್ಲೇ ಬರೆಸಿ. 30 ಮಿಲಿಆಂಪ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದ ವೈರಿಂಗ್‌ಗೆ ಒಪ್ಪಲೇಬೇಡಿ. ಶಾಕ್ ಹೊಡೆದಾಗ ಜೀವ ಉಳಿಸುವ ವಸ್ತು ಅದು. ಒಂದು ಅಲಂಕಾರದ ದೀಪಗುಚ್ಛ ಕೈಬಿಟ್ಟರೆ ಅದರ ಹಣ ಹೊಂದುತ್ತದೆ.

ಟೇಪ್ ಹಿಡಿಯಿರಿ, ಆಮೇಲೆ ದರ ಕೇಳಿ

‘ಚದರಕ್ಕೆ ಎಷ್ಟಾಗುತ್ತದೆ?’ ಎಂಬುದು ಹೊಸ ಮನೆ ಕಟ್ಟುವವರ ಪ್ರಶ್ನೆ. ಹೊಸ ಮನೆಗೆ ಅದು ಒಂದು ಮಟ್ಟಿಗೆ ಸರಿ. ದುರಸ್ತಿಯಲ್ಲಿ ಒಂದೇ ಅಳತೆಯ ಎರಡು ಮನೆಗಳ ಖರ್ಚು ಮೂರು ಪಟ್ಟು ವ್ಯತ್ಯಾಸವಾಗಬಹುದು, ಯಾಕೆಂದರೆ ಒಂದರ ಪೈಪು ಚೆನ್ನಾಗಿದೆ, ಇನ್ನೊಂದರದು ಕೊಳೆತಿದೆ. ಹಾಗಾಗಿ ಚದರದ ದರ ಬಿಟ್ಟು, ಕೆಲಸ ಕೆಲಸವಾಗಿ ಅಳತೆ ಹಿಡಿಯಬೇಕು. ಅಳತೆ ನಿಮ್ಮದು, ದರ ನಿಮ್ಮ ಊರಿನದು. ಎರಡನ್ನೂ ಗುಣಿಸಿದಾಗ ಬರುವುದೇ ಬಜೆಟ್.

ಬಣ್ಣದಿಂದ ಶುರುಮಾಡೋಣ. 10×12 ಅಡಿಯ ಕೋಣೆಯ ನೆಲ 120 ಚದರ ಅಡಿ. ಅದೇ ಕೋಣೆಯ ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ, ಎತ್ತರ ಹತ್ತಡಿ ಎಂದರೆ 440 ಚದರ ಅಡಿ. ಚಾವಣಿಯ 120 ಸೇರಿಸಿ, ಒಂದು ಬಾಗಿಲು, ಒಂದು ಕಿಟಕಿಯ ಜಾಗ ಕಳೆದರೆ ಬಣ್ಣ ಬಳಿಯಬೇಕಾದ್ದು ಸುಮಾರು 520 ಚದರ ಅಡಿ. ನೆಲದ ನಾಲ್ಕು ಪಟ್ಟಿಗಿಂತ ಹೆಚ್ಚು! ‘ಸಣ್ಣ ಕೋಣೆ, ಎಷ್ಟಾದೀತು’ ಎಂಬ ಅಂದಾಜು ದಾರಿ ತಪ್ಪುವುದು ಇಲ್ಲಿ.

ಬಚ್ಚಲಮನೆಯ ಲೆಕ್ಕ ಇನ್ನೂ ಮೋಸದ್ದು. 4×7 ಅಡಿಯ ಬಚ್ಚಲ ನೆಲ ಬರೀ 28 ಚದರ ಅಡಿ. ಗೋಡೆಗೆ ಏಳಡಿ ಎತ್ತರದವರೆಗೆ ಟೈಲ್ ಹಾಕಿದರೆ 22 ಅಡಿ ಸುತ್ತಳತೆಗೆ 154 ಚದರ ಅಡಿ. ಬಾಗಿಲು ಕಳೆದು ನೆಲ ಕೂಡಿಸಿದರೆ 165, ತುಂಡಾಗಿ ಹಾಳಾಗುವುದಕ್ಕೆ ಹತ್ತು ಶೇಕಡ ಸೇರಿಸಿದರೆ ಸುಮಾರು 180. ಇದರ ಜೊತೆ ಹಳೆಯ ಟೈಲ್ ಒಡೆಯುವ ಕೂಲಿ, ಅವಶೇಷ ಸಾಗಿಸುವುದು, ಪೈಪು, ವಾಟರ್‌ಪ್ರೂಫಿಂಗ್, ನಲ್ಲಿ, ಕಮೋಡ್. ಚದರಡಿ ಲೆಕ್ಕದಲ್ಲಿ ಇಡೀ ಮನೆಯಲ್ಲೇ ಅತಿ ದುಬಾರಿ ಜಾಗ ಬಚ್ಚಲಮನೆ, ಎರಡನೆಯದು ಅಡುಗೆಮನೆ. ಬಜೆಟ್ ಬಿಗಿಯಾಗಿದ್ದರೆ ಎರಡು ಬಚ್ಚಲನ್ನು ಅರೆಬರೆ ಮಾಡಿಸುವ ಬದಲು ಒಂದನ್ನು ಪೂರ್ತಿ ಮಾಡಿಸಿ. ವಯಸ್ಸಾದವರು ಬಳಸುವುದು ಯಾವುದೋ ಅದೇ ಮೊದಲಾಗಲಿ: ಜಾರದ ಟೈಲ್, ಹಿಡಿದು ಏಳಲು ಗೋಡೆಯಲ್ಲಿ ಗಟ್ಟಿ ಹಿಡಿ, ಹೊಸ್ತಿಲಲ್ಲಿ ಎಡವದಂತೆ ಮಟ್ಟ.

ನೆಲಕ್ಕೆ ಬಂದರೆ, ‘ಎರಡಡಿ ಎರಡಡಿ’ ಎಂದು ಅಂಗಡಿಯಲ್ಲಿ ಕೊಡುವ ಟೈಲ್ ನಿಜಕ್ಕೂ 600 ಮಿಲಿಮೀಟರ್, ಎರಡಡಿಗಿಂತ ಕೂದಲೆಳೆ ಕಡಿಮೆ. ನಾಲ್ಕು ಟೈಲ್‌ನ ಪೆಟ್ಟಿಗೆ 16 ಅಲ್ಲ, 15.5 ಚದರ ಅಡಿ. 800 ಚದರ ಅಡಿ ನೆಲಕ್ಕೆ ಹತ್ತು ಶೇಕಡ ಹೆಚ್ಚುವರಿ ಹಿಡಿದು 880 ಎಂದರೆ 57 ಪೆಟ್ಟಿಗೆ ಬೇಕು. ಎಲ್ಲವನ್ನೂ ಒಟ್ಟಿಗೇ, ಒಂದೇ ಬ್ಯಾಚ್ ಮತ್ತು ಶೇಡ್ ಸಂಖ್ಯೆಯದ್ದನ್ನೇ ತನ್ನಿ. ನಡುವೆ ಕಡಿಮೆಯಾಗಿ ಮತ್ತೆ ಹೋದರೆ ಅದೇ ಬಣ್ಣ ಸಿಗುವ ಭರವಸೆಯಿಲ್ಲ. ಒಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಎತ್ತಿಡಿ, ಮುಂದೊಂದು ದಿನ ರುಬ್ಬುಗುಂಡು ಬಿದ್ದಾಗ ಉಪಕಾರಕ್ಕೆ ಬರುತ್ತದೆ.

ಆದರೆ ನೆಲ ಬದಲಿಸಲೇಬೇಕೇ? ಆ ಕಾಲದ ಎಷ್ಟೋ ಮನೆಗಳಲ್ಲಿ ಮೊಸಾಯಿಕ್ ನೆಲವಿದೆ, ಇನ್ನೂ ಹಳೆಯದರಲ್ಲಿ ರೆಡ್ ಆಕ್ಸೈಡ್. ಮೊಸಾಯಿಕ್ ಅನ್ನು ಯಂತ್ರದಿಂದ ಉಜ್ಜಿ ಪಾಲಿಶ್ ಮಾಡಿಸಿದರೆ ಹೊಸ ನೆಲದ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಮತ್ತೆ ಮಿನುಗುತ್ತದೆ. ರೆಡ್ ಆಕ್ಸೈಡ್ ಬೇಸಿಗೆಯಲ್ಲಿ ತಂಪು, ವರ್ಷ ಕಳೆದಂತೆ ಇನ್ನಷ್ಟು ನುಣುಪು, ಅದನ್ನು ಹಾಕಬಲ್ಲ ಕುಶಲ ಕೈಗಳು ಈಗ ಅಪರೂಪ. ಇಂಥ ನೆಲ ಬಿರುಕಿಲ್ಲದೆ ಉಳಿದಿದ್ದರೆ ಅದನ್ನು ಒಡೆಯುವುದು ನಷ್ಟವೇ ಸರಿ. ಆ ಹಣವನ್ನು ತಾರಸಿಗೆ ಹಾಕಿ. ಹಳೆಯ ತೇಗದ ಬಾಗಿಲು, ಕಿಟಕಿಗಳ ಮಾತೂ ಹಾಗೆಯೇ. ಹಲವು ಪದರದ ಎನಾಮೆಲ್ ಬಣ್ಣ ಕೆರೆಸಿ ಪಾಲಿಶ್ ಹೊಡೆಸಿದರೆ ಇಂದಿನ ಫ್ಲಶ್ ಡೋರ್ ಅದರ ಹತ್ತಿರವೂ ಬರುವುದಿಲ್ಲ. ತೆಗೆಯಲೇಬೇಕಾದರೆ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡದೆ, ಹಳೆಯ ಮರ ಕೊಳ್ಳುವ ಡಿಪೋಗಳಲ್ಲಿ ವಿಚಾರಿಸಿ. ಬರುವ ಹಣವೂ ಬಜೆಟ್‌ನ ಜಮೆಯೇ.

ಮಲೆನಾಡು, ಕರಾವಳಿಯ ಹೆಂಚಿನ ಮನೆಯವರಿಗೆ ಒಂದು ಮಾತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹಬ್ಬಿದ ಆ ಕೆಂಪು ಹೆಂಚಿಗೆ ಆಯುಸ್ಸು ಬಹಳ. ಕೆಡುವುದು ಅದರ ಕೆಳಗಿನ ಪಕ್ಕಾಸು, ರೀಪು. ಗೆದ್ದಲು ತಿಂದ ಮರವನ್ನು ಬದಲಿಸಿ, ಇಳಿಸಿದ ಹೆಂಚನ್ನೇ ತೊಳೆದು ಮತ್ತೆ ಹೊದಿಸಬಹುದು. ಒಡೆದವಕ್ಕೆ ಬದಲಿ ಕೊಂಡರೆ ಸಾಕು. ‘ಹೆಂಚು ತೆಗೆದು ಶೀಟ್ ಹಾಕಿಬಿಡಿ’ ಎಂಬ ಸಲಹೆಯನ್ನು ಕೇಳುವ ಮೊದಲು ಏಪ್ರಿಲ್‌ನ ಮಧ್ಯಾಹ್ನ ಶೀಟಿನ ಕೆಳಗೆ ಅರ್ಧ ಗಂಟೆ ಕುಳಿತು ನೋಡಿ.

ಆರು ಲಕ್ಷ ಇದ್ದವರ ಬಜೆಟ್ ಐದು ಲಕ್ಷ

ಕೈಯಲ್ಲಿ ಆರು ಲಕ್ಷವಿದ್ದರೆ ಐದು ಲಕ್ಷಕ್ಕೆ ಕೆಲಸ ಯೋಜಿಸಿ, ಒಂದು ಲಕ್ಷವನ್ನು ಬೇರೆ ಖಾತೆಯಲ್ಲಿಡಿ. ಅದರ ಬಗ್ಗೆ ಗುತ್ತಿಗೆದಾರರಿಗೂ ಹೇಳಬೇಡಿ. ಹೊಸ ಮನೆಗೆ ಹತ್ತು ಶೇಕಡ ಮೀಸಲು ಸಾಕಾದೀತು. ಹಳೆಯ ಮನೆಯ ಗೋಡೆಯೊಳಗೆ ಏನಿದೆ ಎಂಬುದು ಒಡೆದ ಮೇಲೆಯೇ ತಿಳಿಯುವುದರಿಂದ ಇಲ್ಲಿ ಇಪ್ಪತ್ತು ಶೇಕಡ ಬೇಕು. ಆ ಮೀಸಲು ಕೊಳೆತ ಪೈಪಿಗೆ, ಕಾಣದಿದ್ದ ಗೆದ್ದಲಿಗೆ. ಕೆಲಸದ ನಡುವೆ ಕಣ್ಣಿಗೆ ಚೆಂದ ಕಂಡ ಇಟಾಲಿಯನ್ ಮಾರ್ಬಲ್‌ಗೆ ಅಲ್ಲ.

ಐದು ಲಕ್ಷದ ಒಳಗೂ ಪಟ್ಟಿಗೆ ಬಾರದ ಖರ್ಚುಗಳು ನುಸುಳುತ್ತವೆ. ಅವಶೇಷ ಸಾಗಿಸುವ ಟ್ರ್ಯಾಕ್ಟರ್, ಮೂಟೆ ಹೊರುವ ಹಮಾಲಿ, ಎರಡು ತಿಂಗಳು ಬೇರೆ ಕಡೆ ಇರುವುದಾದರೆ ಬಾಡಿಗೆ ಮತ್ತು ಎರಡು ಬಾರಿಯ ಸಾಮಾನು ಸಾಗಣೆ, ಕೆಲಸಕ್ಕೆ ಟ್ಯಾಂಕರ್ ನೀರು, ಕೊನೆಯ ಶುಚಿ ಕೆಲಸ. ಫ್ಲಾಟ್‌ನಲ್ಲಿದ್ದರೆ ಸಂಘಕ್ಕೆ ಕಟ್ಟುವ ಠೇವಣಿ. ಇವೆಲ್ಲವನ್ನೂ ಹೆಸರು ಹೆಸರಾಗಿ ಬರೆದಿಡಿ, ‘ಇತರೆ’ ಎಂಬ ಒಂದೇ ಸಾಲಿನಲ್ಲಿ ತುಂಬಬೇಡಿ.

ಎಲ್ಲಕ್ಕಿಂತ ದೊಡ್ಡ ಆಘಾತ ತೆರಿಗೆಯದು. ನೋಂದಾಯಿತ ಗುತ್ತಿಗೆದಾರರು ಸಾಮಗ್ರಿ ಸಮೇತ ಮಾಡುವ ಕೆಲಸಕ್ಕೆ 18 ಶೇಕಡ ಜಿಎಸ್‌ಟಿ. ಕೊಟೇಶನ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಎಂದಿದ್ದರೆ ನಾಲ್ಕು ಲಕ್ಷದ ಕೆಲಸಕ್ಕೆ ಇನ್ನೂ 72 ಸಾವಿರ. ದರ ಹೇಳುವಾಗ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ. ಸಾಮಗ್ರಿ ನೀವೇ ಕೊಳ್ಳುವುದಾದರೆ ಒಂದು ಸಮಾಧಾನದ ಸಂಗತಿ ಇದೆ: ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು 28 ಶೇಕಡದಿಂದ 18 ಶೇಕಡಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಕೊಟೇಶನ್ ಇಟ್ಟುಕೊಂಡಿದ್ದರೆ ಮತ್ತೆ ಕೇಳಿ.

ಕೆಲಸ ಕೊಡುವ ಬಗೆಯಲ್ಲಿ ಮೂರು ದಾರಿಗಳಿವೆ. ದಿನಗೂಲಿ, ಲೇಬರ್ ಕಾಂಟ್ರಾಕ್ಟ್, ಸಾಮಗ್ರಿ ಸಮೇತ ಗುತ್ತಿಗೆ. ಒಂದೆರಡು ವಾರದ ಚಿಲ್ಲರೆ ಕೆಲಸಕ್ಕೆ ದಿನಗೂಲಿ ಸರಿ, ಅದೂ ಮನೆಯವರು ಯಾರಾದರೂ ಜೊತೆಗಿದ್ದರೆ ಮಾತ್ರ. ನನ್ನ ಅಭಿಪ್ರಾಯದಲ್ಲಿ ಮಧ್ಯಮ ಗಾತ್ರದ ದುರಸ್ತಿಗೆ ಲೇಬರ್ ಕಾಂಟ್ರಾಕ್ಟ್ ಒಳ್ಳೆಯದು. ಸಾಮಗ್ರಿಯ ಗುಣಮಟ್ಟ ನಿಮ್ಮ ಕೈಯಲ್ಲಿರುತ್ತದೆ, ಕೂಲಿ ಮೊದಲೇ ನಿಗದಿಯಾಗಿರುತ್ತದೆ. ಮೂವರಿಂದ ದರ ತರಿಸುವಾಗ ಮೂವರಿಗೂ ನಿಮ್ಮ ಅಳತೆಯ ಪಟ್ಟಿಯನ್ನೇ ಕೊಡಿ. ಆಗ ಮಾತ್ರ ಹೋಲಿಕೆಗೆ ಅರ್ಥ. ಒಬ್ಬರ ದರ ಉಳಿದಿಬ್ಬರಿಗಿಂತ ಬಹಳ ಕಡಿಮೆಯಿದ್ದರೆ ಏನು ಬಿಟ್ಟಿದ್ದಾರೆ ಎಂದು ಸಾಲು ಸಾಲಾಗಿ ನೋಡಿ. ಬಿಟ್ಟದ್ದು ಆಮೇಲೆ ‘ಎಕ್ಸ್‌ಟ್ರಾ’ ಎಂಬ ಹೆಸರಿನಲ್ಲಿ ಬರುತ್ತದೆ. ಮಾತಿನ ದರ ನ್ಯಾಯವಾಗಿದೆಯೇ ಎಂದು ತಿಳಿಯಲು ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ಎಂಜಿನಿಯರ್ ಬಳಿ ಕೇಳಿ ನೋಡಬಹುದು. ಮಾರುಕಟ್ಟೆಯ ದರ ಅದಕ್ಕೆ ತಾಳೆಯಾಗಲೇಬೇಕೆಂದಿಲ್ಲ, ಆದರೆ ಒಂದು ಅಳತೆಗೋಲಾಗುತ್ತದೆ.

ಅಡುಗೆಮನೆಯ ಕಪಾಟುಗಳಲ್ಲಿ ಪ್ಲೈವುಡ್‌ನ ದರ್ಜೆ ಬರೆಸುವುದನ್ನು ಮರೆಯಬೇಡಿ. ಸಿಂಕ್ ಕೆಳಗೆ ನೀರು ತಡೆಯಬೇಕಾದ ಜಾಗಕ್ಕೆ ಐಎಸ್ 710, ಒಣ ಜಾಗಕ್ಕೆ ಐಎಸ್ 303 ನಡೆಯುತ್ತದೆ. ಹಾಳೆಯ ಮೇಲೆಯೇ ಐಎಸ್‌ಐ ಗುರುತಿನ ಜೊತೆ ಈ ಸಂಖ್ಯೆ ಅಚ್ಚಾಗಿರುತ್ತದೆ, ಕೊಯ್ಯುವ ಮೊದಲು ಓದಿ. ಬರೀ ‘ವಾಟರ್‌ಪ್ರೂಫ್ ಪ್ಲೈ’ ಎಂಬ ಬಾಯಿಮಾತು ಸಾಲದು. ಹಿಂಜ್, ಡ್ರಾಯರ್ ಚಾನೆಲ್, ಬುಟ್ಟಿಗಳು ಚದರಡಿ ದರದೊಳಗೆ ಸೇರಿವೆಯೇ ಎಂದೂ ಕೇಳಿ.

ಹಣ ಕೊಡುವುದು ಕೆಲಸದ ಹಂತಕ್ಕೆ ತಕ್ಕಂತೆ ಇರಲಿ, ತಾರೀಖಿಗೆ ತಕ್ಕಂತೆ ಬೇಡ. ಶುರುವಿಗೆ ಹತ್ತು ಶೇಕಡ, ಒಡೆದು ಪೈಪು ವೈರು ಮುಗಿದಾಗ ಒಂದು ಕಂತು, ಗಾರೆ ಮುಗಿದಾಗ ಒಂದು, ಟೈಲ್ ಮುಗಿದಾಗ ಒಂದು. ಕೊನೆಯ ಹತ್ತು ಶೇಕಡವನ್ನು ಎಲ್ಲ ಸಣ್ಣಪುಟ್ಟ ಸರಿಪಡಿಕೆ ಆದ ಮೇಲೆಯೇ ಕೊಡುವುದೆಂದು ಆರಂಭದಲ್ಲೇ ಬರೆದುಕೊಳ್ಳಿ. ಇದು ಅಪನಂಬಿಕೆಯಲ್ಲ. ಅದೇ ಹಾಳೆಯಲ್ಲಿ ನಿಮ್ಮ ಕರ್ತವ್ಯವೂ ಇದೆ: ಹಂತ ಮುಗಿದ ದಿನವೇ ಹಣ ಕೊಡಬೇಕು. ದುಡಿದವರನ್ನು ಹಣಕ್ಕಾಗಿ ಅಲೆಸುವ ಮನೆಯಲ್ಲಿ ಕೆಲಸ ಚೆನ್ನಾಗಿ ನಡೆಯುವುದಿಲ್ಲ.

ಸಾಲ ಮಾಡುವುದಾದರೆ

ಉಳಿತಾಯ ಸಾಲದಿದ್ದರೆ ಎಷ್ಟೋ ಜನ ಕಾಗದಪತ್ರದ ರಗಳೆ ಕಡಿಮೆಯೆಂದು ವೈಯಕ್ತಿಕ ಸಾಲದತ್ತ ಓಡುತ್ತಾರೆ. ಮನೆಯ ಪತ್ರಗಳು ಸರಿಯಿದ್ದರೆ ಬ್ಯಾಂಕುಗಳು ದುರಸ್ತಿಗೆಂದೇ ಸಾಲ ಕೊಡುತ್ತವೆ. ಈಗಾಗಲೇ ಗೃಹಸಾಲ ಇದ್ದವರಿಗೆ ಟಾಪ್‌ಅಪ್ ಸಿಗುತ್ತದೆ. ಮೂರು ಲಕ್ಷವನ್ನು ಐದು ವರ್ಷಕ್ಕೆ 9 ಶೇಕಡ ಬಡ್ಡಿಯಲ್ಲಿ ತಂದರೆ ತಿಂಗಳ ಕಂತು ಸುಮಾರು 6,230 ರೂಪಾಯಿ, 14 ಶೇಕಡಕ್ಕೆ ತಂದರೆ 6,980. ತಿಂಗಳಿಗೆ 750 ರೂಪಾಯಿ ಎಂದರೆ ಹಗುರವಾಗಿ ಕಾಣುತ್ತದೆ, ಐದು ವರ್ಷಕ್ಕೆ ಅದು 45 ಸಾವಿರ. ಒಂದು ಕೋಣೆಯ ಪೂರ್ತಿ ವೈರಿಂಗ್ ಅದರಲ್ಲಿ ಆಗುತ್ತದೆ. ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30 ಸಾವಿರ ರೂಪಾಯಿವರೆಗೆ ಕಡಿತ ಸಿಗುತ್ತದೆ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದಿಲ್ಲ. ಹೇಗಾದರೂ ಸರಿ, ಸಾಲವನ್ನು ಸೋರುವ ಚಾವಣಿಗೆ ಮಾಡಿ, ಸೋಫಾ ಹಿಂದಿನ ಗೋಡೆಯ ಅಲಂಕಾರಕ್ಕೆ ಬೇಡ.

ಯಾವುದು ಮೊದಲು, ಯಾವುದು ಆಮೇಲೆ

ಕ್ರಮ ತಪ್ಪಿದರೆ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಹೋಗುತ್ತದೆ. ತಾರಸಿ ಮೊದಲು. ಆಮೇಲೆ ಒಡೆಯುವುದು, ಪೈಪು, ವೈರು, ಗಾರೆ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ ಹಾಕುವ ಮೊದಲು ಮೋರಿ ಮುಚ್ಚಿ, 24ರಿಂದ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ಮತ್ತು ಪಕ್ಕದ ಗೋಡೆಯಲ್ಲಿ ತೇವ ಬಂತೇ ನೋಡಿ. ಈ ಎರಡು ದಿನ ಕಾಯದಿರಲು ‘ಲೇಟ್ ಆಗುತ್ತೆ ಸರ್’ ಎಂಬ ಒತ್ತಾಯ ಬರುತ್ತದೆ. ಮಣಿಯಬೇಡಿ. ನಂತರ ಟೈಲ್, ಮರಗೆಲಸ, ಕೊನೆಗೆ ಬಣ್ಣ. ಹೊಸ ಗಾರೆಯ ಮೇಲೆ ಅದು ಪೂರ್ತಿ ಒಣಗುವ ಮುನ್ನ ಬಣ್ಣ ಹೊಡೆದರೆ ಸುಲಿದು ಬರುತ್ತದೆ, ಸುಮಾರು ಒಂದು ತಿಂಗಳ ಬಿಡುವು ಕೊಡಿ.

ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಸೌರಫಲಕ ಹಾಕಿಸುವ ಯೋಚನೆಯಿದ್ದರೆ (2 ಕಿಲೋವ್ಯಾಟ್‌ಗೆ 60 ಸಾವಿರ, 3 ಮತ್ತು ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನವಿದೆ) ತಾರಸಿಯ ಸೋರಿಕೆ ಸರಿಯಾದ ಮೇಲೆಯೇ ಹಾಕಿಸಿ. ಫಲಕದ ಕಾಲುಗಳು ಊರಿದ ಮೇಲೆ ಅದರ ಕೆಳಗೆ ಕೆಲಸ ಮಾಡುವುದು ಕಷ್ಟ. ತಾರಸಿಗೆ ಕೈಹಾಕಿದಾಗಲೇ ಮಳೆನೀರನ್ನು ಸಂಪಿಗೋ ಇಂಗುಗುಂಡಿಗೋ ಇಳಿಸುವ ಪೈಪನ್ನೂ ಮುಗಿಸಿಕೊಳ್ಳಿ. ಬೆಂಗಳೂರಿನಲ್ಲಿ 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ.

ಹೊತ್ತನ್ನು ಆರಿಸುವುದರಲ್ಲೂ ಹಣ ಉಳಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿದರೆ ಮೇ ಕೊನೆಯೊಳಗೆ ತಾರಸಿ ಮತ್ತು ಹೊರಗಿನ ಕೆಲಸ ಮುಗಿಯುತ್ತದೆ. ಯುಗಾದಿಗೆ ಊರಿಗೆ ಹೋದ ಕೆಲಸಗಾರರು ಹಿಂದಿರುಗಲು ವಾರ, ಹತ್ತು ದಿನ ಹಿಡಿಯುತ್ತದೆ, ಬಾಡಿಗೆ ಮನೆಯಲ್ಲಿದ್ದರೆ ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಕೆಲಸಕ್ಕೆ ಏನೂ ಖರ್ಚಿಲ್ಲ. ಪೈಪು, ವೈರು ಹಾಕಿ ಗಾರೆ ಮುಚ್ಚುವ ಹಿಂದಿನ ಸಂಜೆ, ಪ್ರತಿ ಗೋಡೆಗೂ ಟೇಪ್ ಹಿಡಿದು, ನೆಲದಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಎಂದು ಕಾಣುವಂತೆ ಫೋಟೊ ತೆಗೆಯಿರಿ. ಬಿಲ್ಲು, ಅಳತೆಯ ಪಟ್ಟಿ, ಕರಾರಿನ ಜೊತೆ ಅವನ್ನು ಮನೆಯ ಪತ್ರಗಳ ಫೈಲಿನಲ್ಲಿಡಿ. ಇನ್ನು ಇಪ್ಪತ್ತು ವರ್ಷಕ್ಕೆ ಆ ಗೋಡೆಗೆ ಡ್ರಿಲ್ ಹಿಡಿಯುವವರು ನಿಮ್ಮ ಮಕ್ಕಳೇ ಇರಬಹುದು, ಪೈಪು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿ.